ನೋವಿನ ಕಣ್ಣು ಎಲ್ಲಿ ನೆಡುತ್ತದೆ?

(ಹೆಮ್ಮಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಸಭೆಯ ಅಧ್ಯಕ್ಷರೆ, ದತ್ತಿನಿಧಿ ಇಟ್ಟ ಮನೆಯವರೆ, ಹೆಮ್ಮಾಡಿ, ತಲ್ಲೂರು, ಕಟ್‌ಬೆಲ್ತೂರು, ದೇವಲ್ಕುಂದದಿಂದ ಬಂದು ಕೂತಿರುವ ಹಿರಿಯರೆ, ಅಕ್ಕಂದಿರೆ,

ಕೂತಿರುವ ಎಂದೆ. ಆದರೆ ಹಿಂದೆ ಗೋಡೆಗೆ ಒರಗಿ ನಾಲ್ಕೈದು ಮಂದಿ ನಿಂತೇ ಇದ್ದಾರೆ. ಕುರ್ಚಿ ಇಲ್ಲದೆ ಅಲ್ಲ. ಒಮ್ಮೆ ಕೂತರೆ ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆ ಎಂದು. ಇವತ್ತಿನ ಮಾತಿಗೆ ಅವರೇ ಮುಖ್ಯ ಅತಿಥಿಗಳು.

ನಾನು ಆರಿಸಿಕೊಂಡ ವಿಷಯ ಇಷ್ಟು: ವರ್ಷಗಟ್ಟಲೆ ನೋವು ಹೊತ್ತವರ ಗಮನ, ಹೆದರಿಸುವ ಚಿತ್ರಗಳ ಕಡೆಗೆ ಹೇಗೆ ತಿರುಗುತ್ತದೆ? ಈ ಪ್ರಶ್ನೆ ಹುಟ್ಟಿದ್ದು ಪ್ರಯೋಗಾಲಯದಲ್ಲಿ ಎನ್ನುವುದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಆದರೆ ಇದಕ್ಕೆ ಉತ್ತರ ಸಿಗುವುದು ಹೂವಿನ ಸಾಲಿನಲ್ಲಿ, ಬಾವಿಕಟ್ಟೆಯಲ್ಲಿ, ಹಟ್ಟಿಯಲ್ಲಿ ಎನ್ನುವುದು ನನ್ನ ವಾದ.

ವೈದ್ಯರ ಲೆಕ್ಕದಲ್ಲಿ ಮೂರು ತಿಂಗಳು ದಾಟಿಯೂ ಹೋಗದ, ಅಥವಾ ಹೋಗಿ ಮತ್ತೆ ಮತ್ತೆ ಮರಳುವ ನೋವು ದೀರ್ಘಕಾಲದ ನೋವು. 2006ರಲ್ಲಿ ರಾಜ್ಯವಿಡೀ ಚಿಕೂನ್‌ಗುನ್ಯ ಹಬ್ಬಿದಾಗ ಇದರ ರುಚಿ ಬಹಳ ಮನೆಗಳಿಗೆ ಸಿಕ್ಕಿತು. ಜ್ವರ ವಾರದಲ್ಲಿ ಇಳಿಯಿತು, ಗಂಟುನೋವು ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಗೇರುಬೀಜದ ಕಾರ್ಖಾನೆಯಲ್ಲಿ ದಿನವಿಡೀ ಒಂದೇ ಭಂಗಿಯಲ್ಲಿ ಕೂತವರಿಗೆ, ಬೀಡಿ ಕಟ್ಟಿದವರಿಗೆ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರಿಗೆ, ಗಂಗೊಳ್ಳಿಯಲ್ಲಿ ಮೀನಿನ ಬುಟ್ಟಿ ಎತ್ತಿದವರಿಗೆ ಚಿಕೂನ್‌ಗುನ್ಯವೂ ಬೇಕಾಗಲಿಲ್ಲ.

ಇನ್ನು ಚಿತ್ರಕ್ಕೆ ಬರೋಣ. 2001ರಲ್ಲಿ ಸ್ವೀಡನ್ನಿನ ಆರ್ನೆ ಓಹ್ಮನ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಪರದೆಯ ಮೇಲೆ ಸಾಲುಸಾಲಾಗಿ ಹೂವು ಮತ್ತು ಅಣಬೆಯ ಚಿತ್ರಗಳು. ಅವುಗಳ ನಡುವೆ ಎಲ್ಲೋ ಒಂದು ಕಡೆ ಹಾವು, ಇಲ್ಲವೇ ಜೇಡ. ಬೇರೆ ಜಾತಿಯದು ಕಂಡ ಕೂಡಲೇ ಗುಂಡಿ ಒತ್ತಬೇಕು. ಹೂವಿನ ನಡುವಿನ ಹಾವನ್ನು ಜನ ಬೇಗ ಗುರುತಿಸಿದರು. ಹಾವುಗಳ ನಡುವೆ ಹೂವನ್ನು ಹುಡುಕಲು ಹೆಚ್ಚು ಹೊತ್ತು ಬೇಕಾಯಿತು. ಸೇವಂತಿಗೆ ಕೊಯ್ಯಲು ನಸುಕಿನಲ್ಲಿ ಗದ್ದೆಗೆ ಇಳಿಯುವವರಿಗೆ ಇದನ್ನು ಸ್ವೀಡನ್ನಿನವರು ಹೇಳಬೇಕಾಗಿಲ್ಲ. ಆದರೂ ಒಂದು ಮಾತು ಸೇರಿಸಬೇಕು. ನಮ್ಮಲ್ಲಿ ಹಾವು ಬರಿಯ ಅಪಾಯವಲ್ಲ. ಅದಕ್ಕೆ ಬನ ಬಿಟ್ಟಿದ್ದೇವೆ, ಪಂಚಮಿಗೆ ತನು ಎರೆಯುತ್ತೇವೆ. ಒಂದೇ ಚಿತ್ರ ಒಬ್ಬರಿಗೆ ಬೆವರು ತರಿಸುತ್ತದೆ, ಇನ್ನೊಬ್ಬರಿಗೆ ಕೈಮುಗಿಸುತ್ತದೆ. ‘ಹೆದರಿಸುವ ಚಿತ್ರ’ ಎಂಬ ಸಿದ್ಧಪಟ್ಟಿಯನ್ನು ಊರಿಂದೂರಿಗೆ ಹಾಗೆಯೇ ಕೊಂಡೊಯ್ಯಲು ಬರುವುದಿಲ್ಲ.

ನೋವಿಗೂ ಗಮನಕ್ಕೂ ಇರುವ ನಂಟು ನಿಮಗೆ ಹೊಸದಲ್ಲ. ಮಾರಣಕಟ್ಟೆ ಮೇಳದ ಯಕ್ಷಗಾನದ ಆಟಕ್ಕೆ ಹೋದ ಅಜ್ಜ ರಾತ್ರಿಯಿಡೀ ನೆಲದ ಮೇಲೆ ಕೂರುತ್ತಾರೆ. ಚಂಡೆ ಏರಿ, ವೇಷ ಮಂಡಿ ಹಾಕಿ ತಿರುಗುವಾಗ ಅವರ ಮೊಣಕಾಲು ಅವರಿಗೆ ನೆನಪಿರುವುದಿಲ್ಲ. ಬೆಳಗಿನ ಜಾವ ಮಂಗಳ ಮುಗಿದು ಏಳಲು ಹೋದಾಗ ಅದೇ ಕಾಲು ಒಂದು ಹೆಜ್ಜೆ ಕೊಡುವುದಿಲ್ಲ. ಮೊಣಕಾಲಿನ ಸವೆತ ರಾತ್ರಿ ಎಷ್ಟಿತ್ತೋ ಬೆಳಿಗ್ಗೆಯೂ ಅಷ್ಟೇ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆ ಇದೆ. ಕೆಳಗಿನಿಂದ ಬರುವ ಸುದ್ದಿಯನ್ನು ಎಷ್ಟು ಒಳಗೆ ಬಿಡಬೇಕು ಎಂಬುದರಲ್ಲಿ ಮೇಲಿನ ಮಿದುಳಿಗೂ ಕೈ ಇದೆ ಎಂದರು. ಅವರು ಬರೆದ ನರಗಳ ನಕ್ಷೆಯನ್ನು ಆಮೇಲೆ ಬಹಳ ತಿದ್ದಿದ್ದಾರೆ, ಮೂಲ ವಿಚಾರ ಮಾತ್ರ ಉಳಿದುಕೊಂಡಿದೆ. 1999ರಲ್ಲಿ ಕ್ರಿಸ್ ಎಕಲ್‌ಸ್ಟನ್ ಮತ್ತು ಗೀರ್ಟ್ ಕ್ರೊಂಬೆಜ್ ಇನ್ನೊಂದು ಕಡೆಯಿಂದ ಬಂದರು. ನೋವಿನ ಕೆಲಸವೇ ಅಡ್ಡಿಪಡಿಸುವುದು, ಮಾಡುತ್ತಿರುವುದನ್ನು ಬಿಡಿಸಿ ತನ್ನ ಕಡೆ ತಿರುಗಿಸುವುದು ಎಂದರು. ಇದು ಹೊಸ ಗಾಯಕ್ಕೆ ಒಳ್ಳೆಯದೇ. ಮುಳ್ಳು ಚುಚ್ಚಿದಾಗ ಕಾಲು ನೋಡಿಕೊಳ್ಳದಿದ್ದರೆ ನಂಜಾಗುತ್ತದೆ. ಹತ್ತು ವರ್ಷದ ಸೊಂಟನೋವು ಮಾತ್ರ ಇದೇ ಕೆಲಸವನ್ನು ದಿನಕ್ಕೆ ನೂರು ಸಲ ಮಾಡುತ್ತದೆ, ನೋಡಿಕೊಳ್ಳಲು ಅಲ್ಲಿ ಮುಳ್ಳೇ ಇರುವುದಿಲ್ಲ.

ಹಾವಿನ ಮಾತು ಎತ್ತಿದ್ದರಿಂದ ಆಸ್ಟ್ರೇಲಿಯದ ಲೊರಿಮರ್ ಮೋಸ್ಲಿ ಅವರ ಕಥೆಯನ್ನೂ ಹೇಳಿಬಿಡುತ್ತೇನೆ. ನೋವಿನ ಸಂಶೋಧಕರಲ್ಲಿ ಅವರದು ದೊಡ್ಡ ಹೆಸರು. ಕಾಡಿನಲ್ಲಿ ನಡೆಯುವಾಗ ಕಾಲಿಗೆ ಏನೋ ತಾಗಿತು. ಯಾವುದೋ ಕಡ್ಡಿ ಗೀರಿತು ಅಂದುಕೊಂಡು ಮುಂದೆ ಹೋದರು, ನೋವೇ ಇಲ್ಲ. ಕಚ್ಚಿದ್ದು ಕಂದುಬಣ್ಣದ ವಿಷದ ಹಾವು, ಬದುಕಿದ್ದೇ ಹೆಚ್ಚು. ಆಮೇಲೊಮ್ಮೆ ಅಂಥದೇ ನಡಿಗೆಯಲ್ಲಿ ಅದೇ ಕಾಲಿಗೆ ಮತ್ತೆ ಏನೋ ತಾಗಿತು. ಈ ಸಲ ತಡೆಯಲಾರದ ಉರಿ, ನೆಲಕ್ಕೆ ಬಿದ್ದು ಒದ್ದಾಡಿದರು. ನೋಡಿದರೆ ನಿಜವಾಗಿಯೂ ಕಡ್ಡಿ ಗೀರಿತ್ತು. ಇದನ್ನು ಅವರು ಸಭೆಗಳಲ್ಲಿ ನಗಿಸುತ್ತಾ ಹೇಳುತ್ತಾರೆ. ನಗುವವರಲ್ಲಿ ಕೆಲವರಾದರೂ ತಮ್ಮ ಸೊಂಟವನ್ನು ಒಮ್ಮೆ ಮುಟ್ಟಿಕೊಳ್ಳುತ್ತಿರಬೇಕು.

ಈಗ ಪ್ರಯೋಗಾಲಯದ ಒಳಗೆ ಹೋಗೋಣ, ಸ್ವಲ್ಪ ತಾಳ್ಮೆ ಬೇಕು. ಗಮನವನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವ ಉಪಾಯ 1986ರಲ್ಲಿ ಕಾಲಿನ್ ಮೆಕ್‌ಲಿಯಾಡ್ ಮತ್ತು ಸಂಗಡಿಗರು ಆತಂಕದ ರೋಗಿಗಳಿಗಾಗಿ ಮಾಡಿದ್ದು. ನೋವಿನ ಅಧ್ಯಯನದಲ್ಲಿ ಅದು ಹೀಗೆ: ನೀವು ಕಂಪ್ಯೂಟರ್ ಮುಂದೆ ಕೂರುತ್ತೀರಿ. ಪರದೆಯ ನಡುವೆ ಒಂದು ಗುರುತು ಮೂಡುತ್ತದೆ. ಆಮೇಲೆ ಎರಡು ಚಿತ್ರಗಳು ಒಟ್ಟಿಗೆ ಬರುತ್ತವೆ: ಒಂದು ಸಾಮಾನ್ಯ ಮುಖ, ಇನ್ನೊಂದು ನೋವಿನಿಂದ ಕಿವುಚಿದ ಮುಖ. ಸಾಮಾನ್ಯವಾಗಿ ಅರ್ಧ ಸೆಕೆಂಡು ಇದ್ದು ಎರಡೂ ಮಾಯವಾಗುತ್ತವೆ. ಆ ಎರಡರಲ್ಲಿ ಒಂದು ಜಾಗದಲ್ಲಿ ಚುಕ್ಕೆ ಕಾಣುತ್ತದೆ, ಕಂಡ ಕೂಡಲೇ ಗುಂಡಿ ಒತ್ತಬೇಕು. ನೋವಿನ ಮುಖ ಇದ್ದ ಕಡೆ ಚುಕ್ಕೆ ಬಂದಾಗ ನಿಮ್ಮ ಕೈ ಬೇಗ ಓಡಿದರೆ, ನಿಮ್ಮ ಗಮನ ಮೊದಲೇ ಅಲ್ಲಿತ್ತು ಎಂದು ಅರ್ಥ. ವ್ಯತ್ಯಾಸ ಇರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಹಾಗಾಗಿ ನೂರಾರು ಸಲ ಒತ್ತಿಸುತ್ತಾರೆ. ಸೊಂಟನೋವಿನವರನ್ನು ಅಷ್ಟು ಹೊತ್ತು ಕುರ್ಚಿಯಲ್ಲಿ ಕೂರಿಸಿ ನೋವಿನ ಬಗ್ಗೆ ಅಳೆಯುವುದು ಸ್ವಲ್ಪ ತಮಾಷೆಯೇ.

ಎಲ್ಲರೂ ನಿರೀಕ್ಷಿಸಿದ್ದು ಏನು? ನೋವಿನವರ ಕಣ್ಣು ನೋವಿನ ಚಿತ್ರಕ್ಕೆ ಓಡುತ್ತದೆ, ಆರೋಗ್ಯವಂತರದು ಓಡುವುದಿಲ್ಲ. 2013ರಲ್ಲಿ ಕ್ರೊಂಬೆಜ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ದೀರ್ಘಕಾಲದ ನೋವಿನವರು 1023 ಮಂದಿ, ಹೋಲಿಕೆಗೆ ಆರೋಗ್ಯವಂತರು 1398 ಮಂದಿ. ನೋವಿನವರ ಒಲವು ಇತ್ತು, ಆದರೆ ಚಿಕ್ಕದು. ಸಂಖ್ಯಾಶಾಸ್ತ್ರದ ಅಳತೆಯಲ್ಲಿ 0.134. ಆರೋಗ್ಯವಂತರದು 0.082. ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಎರಡು ದಶಕ ಗುಂಡಿ ಒತ್ತಿಸಿದ ಮೇಲೆ ಇಷ್ಟೇ ಎಂದಾಗ ಹಲವರಿಗೆ ನಿರಾಸೆಯಾಯಿತು. ಅಳೆಯುವ ಉಪಾಯವೇ ಸರಿಯಿಲ್ಲ, ಒಬ್ಬರನ್ನೇ ಎರಡು ಸಲ ಪರೀಕ್ಷಿಸಿದರೆ ಒಂದೇ ಉತ್ತರ ಬರುವುದಿಲ್ಲ ಎಂಬ ದೂರು ಮೊದಲಿಂದಲೂ ಇತ್ತು. ಅದು ನ್ಯಾಯವಾದ ದೂರೇ. ಈಗ ಕಣ್ಣಿನ ಚಲನೆಯನ್ನೇ ಕ್ಯಾಮೆರಾದಿಂದ ಹಿಂಬಾಲಿಸುವ ಕ್ರಮ ಬಂದಿದೆ.

ಆದರೆ 2013ರ ಅದೇ ಲೆಕ್ಕದಲ್ಲಿ ಇನ್ನೊಂದು ಸಾಲು ಇದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಕೆಲವು ಪ್ರಯೋಗಗಳಲ್ಲಿ ನೋವಿನ ಚಿತ್ರ ತೋರಿಸಿರಲಿಲ್ಲ. ಬದಲಿಗೆ, ಒಂದು ಬಣ್ಣ ಕಂಡರೆ ಇನ್ನೇನು ನಿಮಗೆ ಶಾಕ್ ತಾಗಲಿದೆ ಎಂದು ಮೊದಲೇ ಕಲಿಸಿದ್ದರು. ಆ ಬಣ್ಣಕ್ಕೆ ಗಮನ ಓಡಿದ ಅಳತೆ 0.676. ಅದೂ ಆರೋಗ್ಯವಂತರಲ್ಲಿ. ಯಾರದ್ದೋ ಕಿವುಚಿದ ಮುಖ, ಪುಸ್ತಕದಲ್ಲಿ ಅಚ್ಚಾದ ಗಾಯ, ಇವು ಕಣ್ಣನ್ನು ಅಷ್ಟು ಹಿಡಿಯುವುದಿಲ್ಲ. ನನಗೆ, ಈಗ, ಇನ್ನೊಂದು ಕ್ಷಣದಲ್ಲಿ ನೋವಾಗಲಿದೆ ಎನ್ನುವ ಸೂಚನೆ ಹಿಡಿಯುತ್ತದೆ. ಬಣ್ಣದ ಚೌಕಕ್ಕೆ ತನ್ನದೇ ಆದ ಭಯ ಏನೂ ಇಲ್ಲ. ಅದರ ಹಿಂದೆ ಏನು ಬರುತ್ತದೆ ಎಂದು ಮೈ ಕಲಿತುಕೊಂಡದ್ದೇ ಭಯ.

ಹಾಗಾದರೆ ಸೊಂಟನೋವಿನ ನಮ್ಮ ಅಕ್ಕನಿಗೆ ಆ ಬಣ್ಣದ ಚೌಕ ಯಾವುದು?

ನೆದರ್‌ಲ್ಯಾಂಡ್ಸಿನಲ್ಲಿ ಕೆಲಸ ಮಾಡುತ್ತಿದ್ದ ಮನೋವಿಜ್ಞಾನಿ ಯೋಹಾನ್ ವ್ಲಾಯೆನ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಬಹಳ ಸರಳವಾಗಿ ಹಿಡಿದರು. ಹಾವು, ಬಂದೂಕು, ರಕ್ತ ಯಾವುದೂ ಇಲ್ಲದ ಫೋಟೊಗಳ ಒಂದು ಕಟ್ಟು ಮಾಡಿದರು. ಹೊರೆ ಎತ್ತುವುದು, ಬಗ್ಗಿ ಗುದ್ದಲಿ ಹಿಡಿಯುವುದು, ನೆಲ ಒರೆಸುವುದು, ಮೆಟ್ಟಿಲು ಇಳಿಯುವುದು, ಹೀಗೆ ದಿನದ ಕೆಲಸದ ಫೋಟೊಗಳು. ರೋಗಿ ಒಂದೊಂದನ್ನೂ ನೋಡಿ, ಇದು ನನ್ನ ಬೆನ್ನಿಗೆ ಎಷ್ಟು ಹಾನಿಕರ ಎಂದು ಸೊನ್ನೆಯಿಂದ 100ರವರೆಗಿನ ಅಳತೆಪಟ್ಟಿಯ ಮೇಲೆ ಇಡಬೇಕು. 2007ರಲ್ಲಿ 40 ಚಿತ್ರಗಳ ಕಿರು ಆವೃತ್ತಿ ಕಂಪ್ಯೂಟರಿಗೂ ಬಂತು. ಈ ಫೋಟೊಗಳನ್ನು ನೋಡಿದರೆ ಆರೋಗ್ಯವಂತನಿಗೆ ಆಕಳಿಕೆ ಬಂದೀತು. ನೋವಿನವರು ಕೆಲವು ಚಿತ್ರ ಕಂಡ ಕೂಡಲೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. 2008ರಲ್ಲಿ ಮೋಸ್ಲಿಯವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತೋಳಿನ ದೀರ್ಘಕಾಲದ ನೋವಿನವರಿಗೆ ಕೈಯ ಚಿತ್ರ ತೋರಿಸಿ, ನಿಮ್ಮ ಕೈಯನ್ನು ಹೀಗೆ ತಿರುಗಿಸಿದಂತೆ ಊಹಿಸಿಕೊಳ್ಳಿ, ಅಲುಗಾಡಿಸಬೇಡಿ ಎಂದರು. ಊಹಿಸಿದ್ದಕ್ಕೇ ನೋವು ಹೆಚ್ಚಿತು, ಬೆರಳೂ ಊದಿತು.

ಡಚ್ಚರ ಆ ಫೋಟೊ ಕಟ್ಟನ್ನು ಹೆಮ್ಮಾಡಿಗೆ ತಂದರೆ ಅರ್ಧಕ್ಕರ್ಧ ಪ್ರಯೋಜನಕ್ಕೆ ಬಾರದು. ನಮ್ಮವರ ಭಯ ಬೇರೆ ಕಡೆ ಇದೆ. ಬಾವಿಯಿಂದ ಕೊಡಪಾನ ಮೇಲೆ ಬಂದಾಗ ಕಟ್ಟೆಯ ಆಚೆ ಬಾಗಿ ಅದನ್ನು ಹಿಡಿದೆಳೆಯುವ ಆ ಒಂದು ಕ್ಷಣ. ಹಿಡಿಸೂಡಿಯಲ್ಲಿ ಅಂಗಳ ಗುಡಿಸುವುದು. ನೇಜಿ ನೆಡುವುದು. ಹಟ್ಟಿಯಿಂದ ಸಗಣಿ ಬುಟ್ಟಿ ತಲೆಗೇರಿಸುವುದು. ದೇವಸ್ಥಾನದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕೂತು, ಎಲೆ ಎತ್ತುವಾಗ ಯಾರ ಕೈಯೂ ಹಿಡಿಯದೆ ಏಳುವುದು. ಎಷ್ಟೋ ಹಿರಿಯರು ಊಟದ ಕರೆ ಬಂದಾಗ ‘ಪಥ್ಯ’ ಎಂದು ಹೇಳಿ ತಪ್ಪಿಸಿಕೊಳ್ಳುವುದು ಇದಕ್ಕೇ.

ಮತ್ತೆ ಸೇವಂತಿಗೆ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಇಲ್ಲಿನ ಸೇವಂತಿಗೆ ಹೆಸರಾದದ್ದು ಅದರ ಪರಿಮಳಕ್ಕೆ, ಮತ್ತು ಅದು ಹೂಬಿಡುವ ಹೊತ್ತಿಗೆ. ಮಕರ ಸಂಕ್ರಮಣಕ್ಕೆ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆ. ಅಲ್ಲಿ ಈ ಹೂವೇ ಆಗಬೇಕು. ವರ್ಷದ ದುಡಿಮೆ ಜನವರಿಯ ಆ ಕೆಲವೇ ದಿನಗಳಿಗೆ ಕಟ್ಟಿಬಿದ್ದಿರುತ್ತದೆ. ಹೂವು ಲೆಕ್ಕದಲ್ಲಿ ಮಾರಾಟ, ಸಾವಿರಕ್ಕೆ ಇಷ್ಟು ಎಂದು. ಒಂದೊಂದೇ ಹೂವನ್ನು ಬಗ್ಗಿ ಚಿವುಟಬೇಕು, ಸಾವಿರ ಸಲ. ಸೊಂಟ ಕೆಟ್ಟ ಬೆಳೆಗಾರ್ತಿಗೆ ಆ ಹಳದಿ ಸಾಲು ದೇವರ ಹೂವೂ ಹೌದು, ಮೈ ಹೆದರುವ ದೃಶ್ಯವೂ ಹೌದು. ಓಹ್ಮನ್ ಅವರ ಪರದೆಯಲ್ಲಿ ಹೂವು ನಿರಪಾಯದ ಹಿನ್ನೆಲೆ, ಹಾವು ಅಪಾಯ. ಇಲ್ಲಿ ಅವಳ ಕಣ್ಣಿಗೆ ಸಾಲಿನ ಉದ್ದವೇ ಮೊದಲು ಬೀಳುತ್ತದೆ.

ಇಷ್ಟಾದರೂ ನಾನು ಇನ್ನೂ ದೊಡ್ಡ ಚಿತ್ರಕ್ಕೆ ಬಂದಿಲ್ಲ. ನೋವಿನವರನ್ನು ಹೆದರಿಸುವ ಚಿತ್ರಗಳಲ್ಲಿ ಎಲ್ಲಕ್ಕಿಂತ ಬಲವಾದದ್ದನ್ನು ನಾವೇ ದುಡ್ಡು ಕೊಟ್ಟು ತೆಗೆಸುತ್ತೇವೆ.

ಫಿಸಿಯೊಥೆರಪಿಯ ಕೋಣೆಗೆ ಒಬ್ಬ ಅಮ್ಮ ಬರುತ್ತಾರೆ ಎಂದಿಟ್ಟುಕೊಳ್ಳಿ. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲ. ಅದರೊಳಗೆ ಆಸ್ಪತ್ರೆಯ ಲಕೋಟೆ. ಲಕೋಟೆಯಲ್ಲಿ ಎಂಆರ್‌ಐ ಫಿಲ್ಮು. ಮಡಚದಂತೆ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟು ತಂದದ್ದು. ಎಲ್ಲಿ ನೋವು ಎಂದು ಕೇಳಿದರೆ ಸೊಂಟ ತೋರಿಸುವುದಿಲ್ಲ, ಫಿಲ್ಮನ್ನು ಬೆಳಕಿಗೆ ಹಿಡಿಯುತ್ತಾರೆ. ಕಪ್ಪು ಬಿಳುಪಿನ ಆ ಸಾಲಿನಲ್ಲಿ ಕೆಳಗಿನ ಎರಡು ಗೆರೆಗಳ ನಡುವೆ ಬೆರಳಿಡುತ್ತಾರೆ. ‘ಇಲ್ಲ್ ಸವದ್ ಹೋಯಿತ್ ಅಂಬ್ರ್.’ ಮಾತಾಡುವಷ್ಟು ಹೊತ್ತೂ ಕಣ್ಣು ಅಲ್ಲೇ. ಜತೆಗೆ ಬಂದ ಮಗ ಅದರ ಫೋಟೊ ಹೊಡೆದು ದುಬೈಯಲ್ಲಿರುವ ತಮ್ಮನಿಗೂ ಕಳಿಸಿದ್ದಾನೆ. ಅಂದಿನಿಂದ ಮನೆಯಲ್ಲಿ ಒಂದೇ ಮಾತು: ‘ಅಬ್ಬಿ, ನೀವ್ ಬಗ್ಗುದ್ ಬ್ಯಾಡ.’

ಈ ಫಿಲ್ಮಿನ ಬಗ್ಗೆ ತಿಳಿದಿರಬೇಕಾದ ಒಂದು ಲೆಕ್ಕ ಇದೆ. 2015ರಲ್ಲಿ ಬ್ರಿಂಜಿಕ್‌ಜಿ ಮತ್ತು ಸಂಗಡಿಗರು ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನುಗಳ ಅಧ್ಯಯನಗಳನ್ನು ಒಟ್ಟು ಮಾಡಿದರು. ನೆನಪಿಡಿ, ನೋವೇ ಇಲ್ಲದವರು. ಇಪ್ಪತ್ತರ ಪ್ರಾಯದವರಲ್ಲೇ ಶೇಕಡಾ 37 ಮಂದಿಗೆ ಡಿಸ್ಕ್ ಸವೆತ ಕಂಡಿತು. ಐವತ್ತಕ್ಕೆ ಶೇಕಡಾ 80, ಎಂಬತ್ತಕ್ಕೆ ಶೇಕಡಾ 96. ಡಿಸ್ಕ್ ಉಬ್ಬಿದ್ದು ಇಪ್ಪತ್ತರಲ್ಲಿ ಶೇಕಡಾ 30, ಎಂಬತ್ತರಲ್ಲಿ ಶೇಕಡಾ 84. ತಲೆಗೂದಲು ನರೆತದ್ದನ್ನು ಯಾರೂ ರೋಗ ಎನ್ನುವುದಿಲ್ಲ. ಡಿಸ್ಕಿನ ನರೆಯನ್ನು ಮಾತ್ರ ವರದಿಯಲ್ಲಿ ಟೈಪು ಮಾಡಿ ಕೈಗೆ ಕೊಡುತ್ತೇವೆ, ಪಕ್ಕದಲ್ಲಿ ‘ಈ ಪ್ರಾಯಕ್ಕೆ ಇದು ಸಹಜ’ ಎಂಬ ಒಂದು ಸಾಲು ಸೇರಿಸುವುದಿಲ್ಲ. ಸ್ಕ್ಯಾನು ಬೇಡ ಎನ್ನುತ್ತಿಲ್ಲ. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಬಿದ್ದ ಮೇಲೆ ನೋವು ಶುರುವಾದರೆ, ಜ್ವರವೋ ತೂಕ ಇಳಿಯುವುದೋ ಜತೆಗಿದ್ದರೆ, ಅಂಥವರು ನನ್ನ ಉಪನ್ಯಾಸ ಕೇಳುತ್ತಾ ಕೂರದೆ ಇವತ್ತೇ ಆಸ್ಪತ್ರೆಗೆ ಹೋಗಬೇಕು. ಉಳಿದವರಿಗೆ ಆ ಫಿಲ್ಮು ಕೊಡುವ ತಿಳಿವಿಗಿಂತ ಕೊಡುವ ಭಯವೇ ಹೆಚ್ಚು.

ಈ ಭಯ ಕೆಲಸ ಮಾಡುವ ಬಗೆಯನ್ನು ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್ 2000ದಲ್ಲಿ ವಿವರಿಸಿದರು. ನೋವು ಎಂದರೆ ಹಾನಿ ಎಂದು ನಂಬಿದವರು ಅದರ ಸುಳಿವಿಗಾಗಿ ಮೈಯನ್ನೇ ಕಾಯತೊಡಗುತ್ತಾರೆ. ಕಾಯುವವರಿಗೆ ಸುಳಿವು ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದರಿಂದ ಬಗ್ಗುವುದನ್ನು ಬಿಡುತ್ತಾರೆ, ಬಿಟ್ಟದ್ದರಿಂದ ಸ್ನಾಯು ಸೋಲುತ್ತದೆ, ಮನಸ್ಸು ಕುಗ್ಗುತ್ತದೆ, ಮುಂದಿನ ಸಲ ಬಗ್ಗಿದಾಗ ನೋವು ನಿಜಕ್ಕೂ ಹೆಚ್ಚು. ಮಿದುಳಿನಲ್ಲೂ ಇದರ ಜಾಡು ಇದೆ. 2013ರಲ್ಲಿ ಷಿಕಾಗೋದ ವನಿಯಾ ಅಪ್ಕೇರಿಯನ್ ಅವರ ತಂಡ ತೋರಿಸಿದ ಹಾಗೆ, ಹೊಸ ಬೆನ್ನುನೋವಿನಲ್ಲಿ ನೋವಿನ ಸಾಮಾನ್ಯ ಕೇಂದ್ರಗಳು ಚುರುಕಾಗಿರುತ್ತವೆ. ಅದೇ ನೋವು ಹಳತಾಗುತ್ತಾ ಹೋದಂತೆ ಚಟುವಟಿಕೆ ಭಾವನೆಯ ಜಾಲಗಳ ಕಡೆಗೆ ಸರಿಯುತ್ತದೆ.

ಇದನ್ನು ಕೇಳಿ ಯಾರಾದರೂ ‘ಅಂದರೆ ಎಲ್ಲಾ ಮನಸ್ಸಿನದ್ದು’ ಎಂದು ಮನೆಗೆ ಹೋಗಿ ಅತ್ತೆಗೆ ಹೇಳಿದರೆ ನನ್ನ ಮಾತು ಕೆಟ್ಟಿತು. ಕೊಲ್ಲೂರು ದಾಟಿ ಘಟ್ಟ ಹತ್ತಿದರೆ ಸಾಗರ ಸೀಮೆಯ ಹಂದಿಗೋಡು. 1970ರ ದಶಕದ ಮಧ್ಯದಲ್ಲಿ ಆ ಊರಿನ ಹೆಸರಿನಲ್ಲೇ ಒಂದು ಕಾಯಿಲೆ ಗುರುತಾಯಿತು. ಸೊಂಟದ ಕೀಲು, ಮಂಡಿ ಕೆಟ್ಟು, ಕೆಲವರು ಕೈ ಊರಿಯೇ ಸಾಗಬೇಕಾದ ಸ್ಥಿತಿ. ಬಡ ಕೂಲಿಕಾರರ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ. ಅಲ್ಲಿನ ಎಕ್ಸ್-ರೇ ಸುಳ್ಳು ಹೇಳುವುದಿಲ್ಲ, ಕೀಲು ನಿಜಕ್ಕೂ ಹಾಳಾಗಿದೆ. ಅಂಥವರಿಗೆ ಹೆದರಬೇಡಿ ಎನ್ನುವುದು ಉದ್ಧಟತನ. ಹೊಲ ಬಿಟ್ಟರೆ ಕೂಲಿ ಇಲ್ಲ ಎನ್ನುವ ಭಯ ನೋವಿನ ಭಯಕ್ಕಿಂತ ದೊಡ್ಡದು, ಅದನ್ನು ಯಾವ ಮನೋವಿಜ್ಞಾನಿಯೂ ಕಂಪ್ಯೂಟರಿನಲ್ಲಿ ಅಳೆದಿಲ್ಲ. ಹೆಮ್ಮಾಡಿಯ ಹೂವಿನ ಸಾಲಿಗೂ ಇದು ಅನ್ವಯಿಸುತ್ತದೆ.

ಚಿಕಿತ್ಸೆಯ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಗುಂಡಿ ಒತ್ತಿಸಿ ಒತ್ತಿಸಿಯೇ ಗಮನವನ್ನು ನೋವಿನ ಚಿತ್ರದಿಂದ ಬೇರೆ ಕಡೆ ತಿರುಗಿಸುವ ತರಬೇತಿ ಬಂತು. ಒಮ್ಮೆ ಫಲ ಕೊಟ್ಟಿತು, ಇನ್ನೊಮ್ಮೆ ಇಲ್ಲ. ನನಗೆ ಅದರಲ್ಲಿ ಹೆಚ್ಚು ನಂಬಿಕೆ ಇಲ್ಲ. ಫೋಟೊ ಕಟ್ಟಿನ ದಾರಿ ಹೆಚ್ಚು ಒಪ್ಪುತ್ತದೆ. ಕಡಿಮೆ ಭಯದ ಚಿತ್ರದಿಂದ ಶುರು. ಈ ಕೆಲಸ ಮಾಡಿದರೆ ಏನಾಗುತ್ತದೆ ಎಂದು ಮೊದಲೇ ಹೇಳಿಸುವುದು, ಆಮೇಲೆ ಜತೆಗೆ ನಿಂತು ಮಾಡಿಸುವುದು, ಹೇಳಿದ್ದು ಆಯಿತೇ ಎಂದು ನೋಡುವುದು. ಇದರ ಬಂಧುವಾದ ಇನ್ನೊಂದು ಪದ್ಧತಿಯನ್ನು ಆಸ್ಟ್ರೇಲಿಯದಲ್ಲಿ 492 ಬೆನ್ನುನೋವಿನವರ ಮೇಲೆ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವನ್ನು ಅರ್ಥ ಮಾಡಿಕೊಂಡು, ಹೆದರಿದ ಚಲನೆಗಳನ್ನೇ ನಿಧಾನವಾಗಿ ಮರಳಿ ಕಲಿತವರಲ್ಲಿ ಸುಧಾರಣೆ ಒಂದು ವರ್ಷದ ನಂತರವೂ ಉಳಿದಿತ್ತು.

ಹಾಗಾಗಿ ದತ್ತಿನಿಧಿಯ ಮನೆಯವರ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಮುಂದಿನ ವರ್ಷ ಇನ್ನೊಂದು ಉಪನ್ಯಾಸ ಇಡುವ ಬದಲು ಈ ಸೀಮೆಯ ಒಂದು ಫೋಟೊ ಕಟ್ಟು ಮಾಡಿಸಿ. ಇಲ್ಲಿನ ಕಾಲೇಜು ಮಕ್ಕಳ ಕೈಯಲ್ಲಿ ಫೋನು ಇದೆ. ಮನೆಯವರ ಒಪ್ಪಿಗೆ ಕೇಳಿ, ಮುಖ ಕಾಣದ ಹಾಗೆ ತೆಗೆಯಲಿ: ಕೊಡಪಾನ ಎಳೆಯುವುದು, ಅಂಗಳ ಗುಡಿಸುವುದು, ಮೀನಿನ ಬುಟ್ಟಿ ಎತ್ತುವುದು, ಬಲೆ ಎಳೆಯುವುದು, ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು, ಪಂಕ್ತಿಯಿಂದ ಏಳುವುದು. ಹೂ ಕೊಯ್ಯುವುದನ್ನು ಜನವರಿಯಲ್ಲೇ ತೆಗೆಯಬೇಕಾಗುತ್ತದೆ, ಆಗ ಯಾರಿಗೂ ನಿಂತು ಪೋಸು ಕೊಡಲು ಪುರುಸೊತ್ತು ಇರುವುದಿಲ್ಲ, ಅದೇ ಒಳ್ಳೆಯದು. ಕಟ್ಟಿನ ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಒಂದೊಂದು ಈ ಸುತ್ತಿನ ಫಿಸಿಯೊಥೆರಪಿಯವರ ಮೇಜಿನ ಮೇಲೆ ಇರಲಿ. ಫಿಲ್ಮು ಹಿಡಿದು ಬಂದವರಿಗೆ ಮೊದಲು ಇವನ್ನು ತೋರಿಸಿ, ಯಾವುದಕ್ಕೆ ಕೈ ಹಿಂದೆ ಸರಿಯುತ್ತದೆ ಎಂದು ಕೇಳಲಿ. ಯಾವ ಯಾವ ಕೆಲಸದ ಫೋಟೊ ಆಗಬೇಕು ಎಂಬ ಪಟ್ಟಿಯನ್ನು ನಾನು ಮಾಡುವುದಕ್ಕಿಂತ, ಹಿಂದೆ ಗೋಡೆಗೆ ಒರಗಿ ನಿಂತವರು ಈಗಲೇ ಹೇಳಿದರೆ ಬರೆದುಕೊಳ್ಳುತ್ತೇನೆ.